ಎಡದ ಹೂವಿಗೆ ಮೆತ್ತಿದ ಗಂಧ

ಪೂಜ್ಯ ನಿಜಗುಣಮ್ಮನವರು ಆ ದಿನಗಳಲ್ಲಿ ಹಿರೇಕಣವಿಯ ಈಶ್ವರ ಗುಡಿಯಲ್ಲಿ ವಾಸವಾಗಿದ್ದರು. ಗುಡಿಯೆಂದರೆ ಒಂದು ಗರ್ಭಗುಡಿ, ಮುಂದೊಂದು ತಗಡಿನ ಚಪ್ಪರ, ಅಷ್ಟೆ. ಭಕ್ತರು ಕೊಟ್ಟ ಹತ್ತಿಯಿಂದ ಬತ್ತಿ ಹೊಸೆಯುತ್ತ ಅಮ್ಮನವರು ಕಂಬಕ್ಕೊರಗಿ ಕುಳಿತಿರುತ್ತಿದ್ದರು. ಮಾತು ಬಹಳ ಕಡಿಮೆ.

ಆ ಊರಿನಲ್ಲಿ ಯಾವ ಶುಭಕಾರ್ಯಕ್ಕೂ ಮೊದಲು ಹೂವಿನ ಪ್ರಸಾದ ಕೇಳುವ ಪದ್ಧತಿ. ಲಿಂಗದ ಎಡಕ್ಕೊಂದು, ಬಲಕ್ಕೊಂದು ಹೂವನ್ನು ನೀರು ಹಚ್ಚಿ ಅಂಟಿಸುತ್ತಾರೆ. ಬಲದ್ದು ಮೊದಲು ಬಿದ್ದರೆ ದೇವರು ಒಪ್ಪಿದ, ಎಡದ್ದು ಬಿದ್ದರೆ ಒಲ್ಲೆ ಎಂದ.

ಗಾಣದ ಚನವೀರಪ್ಪನ ಮಗಳು ಸಂಕಮ್ಮ ಇಪ್ಪತ್ತೆರಡಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಪಕ್ಕದೂರಿನ ಮಾಸ್ತರರೊಬ್ಬರು ಆಕೆಯನ್ನು ಮದುವೆಯಾಗುತ್ತೇನೆಂದು ಮುಂದೆ ಬಂದಿದ್ದರು, ಆಕೆಗೂ ಮನಸ್ಸಿತ್ತು. ಅಡ್ಡಗಾಲು ಹಾಕಿದವನು ಚನವೀರಪ್ಪನ ಅಣ್ಣ ಬಸಲಿಂಗಪ್ಪ. ಮನೆತನದ ಮಾನ ಹೋಗುತ್ತದೆಂದು ಹಾರಾಡಿದ. ಅವನೆದುರು ಒಂದು ದಿನವೂ ತಲೆಯೆತ್ತದ ತಮ್ಮ, ಹಾಗಾದರೆ ಹೂ ಕೇಳೋಣ ಎಂದ. ಅಣ್ಣ ಒಪ್ಪಿದ. ಎಡದ್ದು ಬಿದ್ದರೆ ಈ ಮದುವೆಯ ಮಾತನ್ನು ಮತ್ತೆಂದೂ ಎತ್ತಕೂಡದೆಂದು ಹಿರಿಯರ ಮುಂದೆ ಕಟ್ಟು ಹಾಕಿದ.

ಸೋಮವಾರ ಹಿರಿಯರು ಬರುವ ಮುಂಚೆಯೇ ಚನವೀರಪ್ಪ ಗುಡಿಗೆ ಬಂದ. ಅಮ್ಮನವರಿಗೆ ನಮಸ್ಕರಿಸಿ, ತಾನೇ ಕಣಗಿಲೆ ಹೂ ಅಂಟಿಸತೊಡಗಿದ. ಬಲದ್ದಕ್ಕೆ ಒಂದೇ ಹನಿ ನೀರು. ಎಡದ್ದಕ್ಕೆ ಗಟ್ಟಿ ಗಂಧ ಮೆತ್ತಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಹಚ್ಚಿದ. ದೇವರಿಗೇ ಮಂಕುಬೂದಿ ಎರಚಲು ಹೊರಟಿದ್ದ, ಪಾಪ. ನಗಬೇಡಿ, ನಮ್ಮ ಇಷ್ಟವನ್ನು ದೇವರ ಬಾಯಿಂದ ಹೇಳಿಸುವ ಆಸೆ ಯಾರಿಗಿಲ್ಲ?

ಅಮ್ಮನವರು ಎಲ್ಲವನ್ನೂ ನೋಡುತ್ತಿದ್ದರು. ಬತ್ತಿ ಪಕ್ಕಕ್ಕಿಟ್ಟು ಹೇಳಿದರು:

"ಚನವೀರಪ್ಪಾ, ಏನಾಗಬೇಕು ಅನ್ನೂದು ನಿನಗ ಗೊತ್ತೈತಿ. ಗೊತ್ತಿದ್ದದ್ದನ್ನ ದೇವರಿಗೆ ಯಾಕ ಕೇಳ್ತೀಯಪ್ಪಾ? ನಿನ್ನ ಹತ್ರ ಇಲ್ಲದ್ದನ್ನ ಕೇಳು."

ಅವನ ಕೈ ಅಲ್ಲೇ ನಿಂತಿತು. ನಾಚಿಕೆಯಿಂದ ತಲೆ ತಗ್ಗಿಸಿದ. ಅಣ್ಣನ ಮುಂದೆ ತನಗೆ ಬಾಯೇ ಬರುವುದಿಲ್ಲವೆಂದು ಕಣ್ಣೀರು ತಂದುಕೊಂಡು ಒಪ್ಪಿಕೊಂಡ.

"ಹಂಗಾರ ಅದನ್ನ ಬೇಡಿಕೋ" ಎಂದರು ಅಮ್ಮನವರು.

ಚನವೀರಪ್ಪ ಎರಡೂ ಹೂಗಳನ್ನು ತೆಗೆದು ಪೀಠದ ಮೇಲಿಟ್ಟು, ಹಣೆಯನ್ನು ನೆಲಕ್ಕೆ ಹಚ್ಚಿ ಅಡ್ಡಬಿದ್ದ. ಹಿರಿಯರು ಬಂದು ಚಪ್ಪರದಡಿ ಕುಳಿತರೂ ಏಳಲಿಲ್ಲ. ಎದ್ದವನು ನೇರವಾಗಿ ಅಣ್ಣನೆದುರು ಬಂದು ನಿಂತ. ತಲೆಯೆತ್ತಿ ಅವನ ಮುಖ ನೋಡಿದ. ಹೂ ಕೇಳುವುದಿಲ್ಲ, ಬರುವ ತಿಂಗಳು ಮಗಳ ಮದುವೆ ಮಾಡುತ್ತೇನೆ ಎಂದ.

ಬಸಲಿಂಗಪ್ಪ ಸಿಟ್ಟಿನಿಂದ ಎದ್ದು, ದೇವರನ್ನು ಕೇಳದೆಯೇ ಮದುವೆ ಮಾಡುತ್ತೀಯಾ ಎಂದು ಗದರಿದ.

"ಕೇಳೀನಿ ಅಣ್ಣಾ" ಎಂದ ಚನವೀರಪ್ಪ. "ನಿನ್ನ ಮುಂದ ನಿಂತು ಈ ಮಾತು ಹೇಳೂ ಧೈರ್ಯ ಕೇಳಿದೆ. ಕೊಟ್ಟಾನ."