ಗಜಶಾಲೆಯ ಬೊಕ್ಕಸ

ಹೊಂಗಾನೂರಿನ ರಾಜ ವೀರಮುದ್ದನಿಗೆ ರಾಜ್ಯದ ಏಳಿಗೆ ಅಂದರೆ ಒಂದೇ: ಮರ ಕಡಿ, ಮಾರು. ಅವನ ಅಪ್ಪ ಮೂಡಣ ಕಾಡನ್ನು ಮಾರಿ ಅರಮನೆ ಕಟ್ಟಿಸಿದ್ದ. ಇವನು ಪಡುವಣ ಕಾಡನ್ನು ಮಾರಿ ಅದಕ್ಕೆ ಸುಣ್ಣ ಹೊಡೆಸಿದ. ಈಗ ಉಳಿದದ್ದು ಅರಮನೆಯ ಆನೆಗಳು ಮೇಯುವ ತೆಂಕಣ ಕಾಡು.

"ಅದನ್ನೂ ಕಡಿದರೆ ಬೊಕ್ಕಸ ತುಂಬುತ್ತೆ ಪ್ರಭು," ಅಂದ ಮಂತ್ರಿ ಕೊಂಡಪಯ್ಯ.

"ಆಮೇಲೆ?" ಅಂದಳು ಲಕುಮವ್ವ. ರಾಜನಿಗೆ ವೀಳ್ಯ ಮಡಿಸಿಕೊಡುವುದು ಅವಳ ಕೆಲಸ. ನಡುವೆ ಬಾಯಿ ಹಾಕುವುದು ಅಭ್ಯಾಸ.

"ಆಮೇಲಿಂದು ಆಮೇಲೆ," ಅಂದ ಮಂತ್ರಿ.

"ಕಡಿಯದೆಯೂ ತುಂಬುತ್ತೆ ಸ್ವಾಮಿ. ಆ ಕಾಡು ದಿನಾ ಬೆಳಗ್ಗೆ ಗಜಶಾಲೆಗೇ ಬಂದು ಬೀಳ್ತಿದೆ. ನೀವು ಗುಡಿಸಿ ಎಸೀತಿದ್ದೀರಿ."

ಸಭೆ ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಮೂಗು ಮುಚ್ಚಿಕೊಂಡಿತು.

"ಆನೆ ಲದ್ದಿನಾ?" ಅಂದ ಕೊಂಡಪಯ್ಯ. "ಅದರಿಂದ ಈಕೆ ಏನೇ ಮಾಡಲಿ, ಯಾರು ಮುಟ್ತಾರೆ ಪ್ರಭು? ನಾನು ಅದನ್ನ ಕೈಯಾರೆ ಮುಟ್ಟಿದ ದಿನ ಕಾಡು ಬಿಟ್ಟುಬಿಡಿ."

"ಆಯ್ತು," ಅಂದ ರಾಜ. "ಯುಗಾದಿವರೆಗೆ ಸಮಯ. ಅಷ್ಟರಲ್ಲಿ ಇವನು ಮುಟ್ಟದಿದ್ದರೆ ಕಾಡಿಗೆ ಕೊಡಲಿ, ಲಕುಮವ್ವನ ಕೈಗೆ ಗಜಶಾಲೆಯ ಪೊರಕೆ."

ಗಜಶಾಲೆಯ ಹಿತ್ತಲಲ್ಲಿ ಕುದಿಸುವುದು, ಕುಟ್ಟುವುದು ಶುರುವಾಯಿತು. ಕೊಂಡಪಯ್ಯ ಏನನ್ನೂ ಮುಟ್ಟುವುದನ್ನೇ ಬಿಟ್ಟ. ಲಾಡನ್ನೂ ಮೂಸಿ ನೋಡಿ, ಹೆಂಡತಿಯ ಕೈಯಿಂದ ಬಾಯಿಗೆ ಹಾಕಿಸಿಕೊಂಡ.

ಯುಗಾದಿಯ ದಿನ ಲಕುಮವ್ವ ಸಭೆಯ ನಡುವೆ ಬಟ್ಟೆ ಮುಚ್ಚಿದ ಬುಟ್ಟಿಯೊಂದನ್ನು ಇಟ್ಟಳು. ಕೊಂಡಪಯ್ಯ ಕೈ ಹಿಂದೆ ಕಟ್ಟಿಕೊಂಡು, ಕಣ್ಣನ್ನು ಬುಟ್ಟಿಯಲ್ಲೇ ನೆಟ್ಟು, ಅದರ ಸುತ್ತ ಒಂದು ಪ್ರದಕ್ಷಿಣೆ ಬಂದ. ಕಾಲಿಗೆ ಏನೋ ಸಿಕ್ಕಿತು. ಬಗ್ಗಿ ನೋಡಿದರೆ ಕಾಗದದ ಹಾಳೆ, ಮೇಲೆ ದುಂಡಗೆ 'ಶ್ರೀ' ಅಂತ ಬರೆದಿದೆ.

"ಅಯ್ಯೋ ತಾಯಿ ಸರಸ್ವತಿ, ತಪ್ಪಾಯ್ತು," ಅಂದವನೇ ಹಾಳೆ ಎತ್ತಿ ಬಲಗಣ್ಣಿಗೆ ಒತ್ತಿಕೊಂಡ, ಎಡಗಣ್ಣಿಗೆ ಒತ್ತಿಕೊಂಡ, ಯಾವುದಕ್ಕೂ ಇರಲಿ ಅಂತ ಹಣೆಗೂ ಒತ್ತಿಕೊಂಡ. ಆಮೇಲೆ, "ತೆಗಿಯಮ್ಮ ಬುಟ್ಟೀನ," ಅಂದ.

ಬುಟ್ಟಿ ಖಾಲಿ.

"ಎಲ್ಲಿ ನಿನ್ನ ಲದ್ದಿ?"

"ನಿಮ್ಮ ಕೈಯಲ್ಲೇ ಇದೆಯಲ್ಲ ಸ್ವಾಮಿ. ಹುಲ್ಲು, ತೊಗಟೆ ಅಗಿದು ನಾರು ಬಿಡಿಸೋ ಕೆಲಸ ಆನೆ ಮುಗಿಸಿತ್ತು. ನಾವು ತೊಳೆದು, ಬೇಯಿಸಿ, ಕುಟ್ಟಿ, ಬಟ್ಟೆ ಮೇಲೆ ಹರಡಿ ಒಣಗಿಸಿದ್ವಿ. ಇಷ್ಟು ದಿನ ಕಾಗದಾನ ನೆರೆರಾಜ್ಯದಿಂದ ತರಿಸ್ತಿದ್ವಿ. ಇನ್ನು ಅವರು ನಮ್ಮಿಂದ ತರಿಸ್ಕೊಳ್ಳಲಿ."

ಕೊಂಡಪಯ್ಯನ ಮುಖ ಹುಳ್ಳಗಾಯಿತು. "ಗೊತ್ತಿಲ್ಲದೆ ಮುಟ್ಟಿದೆ ಪ್ರಭು. ಗೊತ್ತಿದ್ದೂ ಯಾರು ಮುಟ್ತಾರೆ?"

"ಈಗ ಗೊತ್ತಾಯ್ತಲ್ಲ," ಅಂದಳು ಲಕುಮವ್ವ. "ಬಿಸಾಕಿ."

ಕೊಂಡಪಯ್ಯ ಹಾಳೆಯನ್ನು ನೋಡಿದ. 'ಶ್ರೀ'ಯನ್ನು ನೋಡಿದ. ನೆಲ ನೋಡಿದ. ಬಿಸಾಕಲು ಕೈ ಬರಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದ.

ರಾಜ ಎಷ್ಟು ನಕ್ಕನೆಂದರೆ ಬಾಯಲ್ಲಿದ್ದ ವೀಳ್ಯ ಸುಣ್ಣ ಹೊಡೆಸಿದ ಗೋಡೆಗೆ ಹೋಗಿ ಬಿತ್ತು. "ಕೊಡಲಿಗಳನ್ನೆಲ್ಲ ಒಳಗಿಡಿ," ಅಂದ. "ಲಕುಮವ್ವ, ನಿನಗೇನು ಬೇಕು ಕೇಳು."

"ಒಂದು ಗಾಡಿ ಕಬ್ಬು ಪ್ರಭು."

"ಅಷ್ಟೊಂದು ತಿಂತೀಯಾ?"

"ನನಗಲ್ಲ, ಆನೆಗಳಿಗೆ. ನಾಳೆ ಬೆಳಗ್ಗೆ ಬೊಕ್ಕಸ ತುಂಬಬೇಕಲ್ಲ."