ಎದುರು ಮನೆಯ ಬಟ್ಟಲು

“ಬೇಡ ಎಂದವರ ಬಾಗಿಲಿಗೆ ಇನ್ನೆಷ್ಟು ಸಲ ಹೋಗಬೇಕು, ಅಮ್ಮ?”

ಸಂಜೆ ಹನ್ನಮ್ಮನ ಮನೆಗೆ ಬಂದ ಯೆಶಾಯ ಹೀಗೆ ಕೇಳಿ ಹೆಗಲ ಚೀಲವನ್ನು ಕೆಳಗಿಟ್ಟ. ಚೀಲದಲ್ಲಿ ಸುವಾರ್ತೆಯ ಪುಟ್ಟ ಪುಸ್ತಕಗಳಿದ್ದವು. ಬೆಳಿಗ್ಗೆ ಎಷ್ಟು ಹೊರಟಿದ್ದವೋ ಅಷ್ಟೂ ಮರಳಿ ಬಂದಿದ್ದವು.

ಹನ್ನಮ್ಮ ಅವನಿಗೆ ಗುರು. ನಲವತ್ತು ವರ್ಷ ಊರೂರು ತಿರುಗಿ ಯೇಸುಸ್ವಾಮಿಯ ಮಾತು ಹೇಳಿದವರು. ಊರು ಎಷ್ಟು ಬದಲಿಸಿದರೂ ಅವರ ಸಾಮಾನು ಬದಲಾಗಿರಲಿಲ್ಲ. ಬಸ್ಸಿನ ಮೇಲೆ ಒಂದು ಟ್ರಂಕು, ಮಡಿಲಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಒಂದು ಬಟ್ಟಲು.

ಯೆಶಾಯ ತನ್ನ ಕಷ್ಟ ಹೇಳಿಕೊಂಡ. ಹಗ್ಗ ಹೊಸೆಯುವವರ ಬೀದಿಗೆ ಒಂದು ವರ್ಷದಿಂದ ಹೋಗುತ್ತಿದ್ದಾನೆ. ಕೆಲವರು ನಯವಾಗಿ ಬೇಡ ಎನ್ನುತ್ತಾರೆ, ಕೆಲವರು ಒರಟಾಗಿ. ನಿಮ್ಮ ಸ್ವಾಮಿ ಬಹಳ ತಾಳ್ಮೆಯವನೇ ಇರಬೇಕು, ಇಲ್ಲದಿದ್ದರೆ ನಿನ್ನನ್ನು ಇಷ್ಟು ದಿನ ಇಟ್ಟುಕೊಳ್ಳುತ್ತಿರಲಿಲ್ಲ ಎಂದು ಒಬ್ಬಾತ ಹೇಳಿದನಂತೆ. ಮೊದಮೊದಲು ಬೊಗಳುತ್ತಿದ್ದ ನಾಯಿ ಈಗ ಬೊಗಳುವುದಿಲ್ಲ. ವರ್ಷದಲ್ಲಿ ಆದ ಬದಲಾವಣೆ ಅದೊಂದೇ.

ನಾಳೆ ಮೊದಲ ಬಸ್ಸಿಗೆ ಊರಿಗೆ ಹೊರಡುವುದೆಂದು ಅವನು ನಿಶ್ಚಯಿಸಿದ್ದ. ಅಲ್ಲಿ ಸೋದರಮಾವನ ಮರ ಕೊಯ್ಯುವ ಅಂಗಡಿಯಿತ್ತು. ಮರದ ಮುಂದೆ ನಿಂತು ಮಾತಾಡಿದರೆ ಅದು ಬಾಗಿಲನ್ನಾದರೂ ಹಾಕುವುದಿಲ್ಲ ಎಂದ. ಇಷ್ಟು ಬೇಸರದಲ್ಲೂ ಊಟ ಮಾತ್ರ ಬಿಟ್ಟಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಇಲ್ಲಿಗೆ ಬಂದಾಗ ಮೊಸರನ್ನು ಎರಡು ಸಲ ಹಾಕಿಸಿಕೊಂಡಿದ್ದ. ಹನ್ನಮ್ಮ ಅದನ್ನು ನೋಡಿದ್ದರು.

ಅವರು ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಬಸ್ಸಿಗೆ ಇನ್ನೂ ಹೊತ್ತಿದೆ, ಕೂತುಕೋ ಎಂದು ಈ ಕತೆ ಹೇಳಿದರು.

ಒಬ್ಬ ಕುಂಬಾರನಿದ್ದ. ಅವನು ದೂರದ ಊರಿನಿಂದ ಹೆಣ್ಣು ತಂದ. ಹೆಣ್ಣಿನ ತಾಯಿ ಬಡವಳು. ಮಗಳ ಕೈಗೆ ಬಳೆ ಇಡಲಾರದೆ ಒಂದು ಬಟ್ಟಲು ಹೆಪ್ಪು ಇಟ್ಟಳು. ಇದರಿಂದ ಮೊಸರು ಮಾಡಿ ನೀನೂ ಉಣ್ಣು, ಪಕ್ಕದವರಿಗೂ ಹೆಪ್ಪು ಕೊಡು ಎಂದಳು. ವರ್ಷ ತಿರುಗುವುದರೊಳಗೆ ಆ ತಾಯಿ ತೀರಿಕೊಂಡಳು. ತವರಿನ ಮನೆ ಬೇರೆಯವರದಾಯಿತು, ಹಸು ಇನ್ಯಾರ ಕೊಟ್ಟಿಗೆಗೋ ಹೋಯಿತು. ಕುಂಬಾರನ ಹೆಂಡತಿಗೆ ತಾಯಿಯದು ಎಂದು ಉಳಿದದ್ದು ಆ ಹೆಪ್ಪು ಒಂದೇ.

ಹೆಪ್ಪನ್ನು ಪೆಟ್ಟಿಗೆಯಲ್ಲಿ ಇಟ್ಟು ಕಾಪಾಡಲು ಬರುವುದಿಲ್ಲ. ಇವತ್ತಿನ ಮೊಸರಿನಿಂದ ಒಂದು ಚಮಚ ಎತ್ತಿ ನಾಳೆಯ ಹಾಲಿಗೆ ಬಿಡಬೇಕು. ಒಂದು ದಿನ ಮರೆತರೆ ಮುಗಿಯಿತು.

ಎದುರು ಮನೆಯಲ್ಲಿ ಒಬ್ಬ ಗಾಣಿಗನ ಹೆಂಡತಿ ಇದ್ದಳು. ಆಕೆಯ ಮಗಳು ಐದು ವರ್ಷದವಳಿದ್ದಾಗ ಜ್ವರದಲ್ಲಿ ಹೋದಳು. ಆ ಮಗು ಮೊಸರಿಲ್ಲದೆ ಉಣ್ಣುತ್ತಿರಲಿಲ್ಲ. ಮಗು ಹೋದ ದಿನದಿಂದ ಆ ಮನೆಯಲ್ಲಿ ಹಾಲಿಗೆ ಹೆಪ್ಪು ಬೀಳಲಿಲ್ಲ. ಉಳಿದ ಹಾಲನ್ನು ಬೆಕ್ಕಿಗೆ ಹಾಕುತ್ತಿದ್ದರು.

ಇದು ಕುಂಬಾರನ ಹೆಂಡತಿಗೆ ತಿಳಿಯಿತು. ಅವಳು ದಿನವೂ ಸಂಜೆ ದೊಡ್ಡ ಗಡಿಗೆಗೆ ಹೆಪ್ಪು ಹಾಕುವಾಗ ಒಂದು ಚಿಕ್ಕ ಬಟ್ಟಲಿಗೂ ಹಾಕತೊಡಗಿದಳು. ಗಡಿಗೆಯ ಮೊಸರನ್ನು ಕದಡಿ ಕೊಟ್ಟರೆ ನೀರೊಡೆಯುತ್ತದೆ. ಕೊಡುವುದನ್ನು ಬೇರೆಯಾಗಿಯೇ ಹೆಪ್ಪು ಹಾಕಬೇಕು. ಬೆಳಿಗ್ಗೆ ಆ ಬಟ್ಟಲು ಹಿಡಿದು ಎದುರು ಮನೆಯ ಹೊಸಿಲಿನ ಹೊರಗೆ ನಿಲ್ಲುತ್ತಿದ್ದಳು. ಒಂದು ಸಲ ಕರೆಯುತ್ತಿದ್ದಳು. ಬೇಡ ಎಂದರೆ ಹಿಂದಿರುಗುತ್ತಿದ್ದಳು. ಹೊಸಿಲು ದಾಟಲಿಲ್ಲ, ಬಟ್ಟಲನ್ನು ಅಲ್ಲೇ ಇಟ್ಟು ಓಡಿ ಬರಲೂ ಇಲ್ಲ.

ಗಾಣಿಗನ ಹೆಂಡತಿ ಮೊದಲ ತಿಂಗಳು ಮೆಲ್ಲಗೆ ಬೇಡ ಎಂದಳು. ಆಮೇಲೆ ಸಿಡುಕಿದಳು. ನಿಮ್ಮ ಮನೆಯಲ್ಲಿ ಉಣ್ಣುವವರಿಗೆ ಬರ ಬಂದಿದೆಯೇ ಎಂದು ಹಂಗಿಸಿದಳು. ಆಮೇಲೆ ಬಾಗಿಲು ತೆರೆಯುವುದನ್ನೇ ಬಿಟ್ಟಳು, ಒಳಗಿನಿಂದಲೇ ಬೇಡ ಎನ್ನುತ್ತಿದ್ದಳು. ಹೀಗೆ ಮೂರು ವರ್ಷ ನಡೆಯಿತು.

ಮರಳಿ ಬಂದ ಬಟ್ಟಲನ್ನು ಕುಂಬಾರನ ಹೆಂಡತಿ ಗೋಡೆಯ ಗೂಡಿನಲ್ಲಿ ಇಡುತ್ತಿದ್ದಳು. ಸಂಜೆಗೆ ಅದನ್ನು ಮಜ್ಜಿಗೆಗೆ ಬೆರೆಸುತ್ತಿದ್ದಳು. ಅವಳ ಅತ್ತೆಯ ನಾಲಿಗೆ ಚುರುಕು. ಬಂದವರೆದುರು, ನಮ್ಮ ಮನೆಯ ಮೊಸರಿಗೆ ಬೆಳಗಿನ ಹೊತ್ತು ಗಾಳಿಸವಾರಿ ಆಗಬೇಕು, ಇಲ್ಲದಿದ್ದರೆ ಅದಕ್ಕೆ ಮೈಗಾಗುವುದಿಲ್ಲ ಎನ್ನುತ್ತಿದ್ದಳು. ಸೊಸೆಯೂ ನಗುತ್ತಿದ್ದಳು. ಆದರೆ ಮೂರನೆಯ ವರ್ಷ ಅವಳಿಗೂ ಸಾಕೆನಿಸಿತು. ನಾಳೆಯಿಂದ ಹೋಗುವುದಿಲ್ಲ ಎಂದುಕೊಂಡು ಎಷ್ಟೋ ಸಂಜೆ ಬಟ್ಟಲನ್ನು ಗೂಡಿನಿಂದ ಕೆಳಗಿಳಿಸದೆ ಬಿಟ್ಟಳು. ಮಲಗುವ ಮುಂಚೆ ಎದ್ದುಹೋಗಿ ಇಳಿಸಿದಳು.

ಆ ವರ್ಷ ಮೈದುನನ ಮಗುವಿಗೆ ನಾಮಕರಣವಾಯಿತು. ಆ ಬೆಳಿಗ್ಗೆಯೂ ಅವಳು ಕೆಲಸದ ನಡುವೆ ಎದುರು ಮನೆಗೆ ಹೋಗಿ ಬಂದಳು. ಆಮೇಲೆ ಮನೆ ತುಂಬ ಜನ. ಗಡಿಗೆಯ ಮೊಸರು ಕೊನೆಯ ಪಂಕ್ತಿಗೆ ತಳ ಕಂಡಿತು. ಯಾರೋ ಅದನ್ನು ಬಳಿದು, ತೊಳೆದು, ಬೋರಲು ಹಾಕಿದರು. ಹೆಪ್ಪಿಗೆ ಎತ್ತಿಟ್ಟಿರಬೇಕು ಎಂದು ಅತ್ತೆ ಸೊಸೆಯನ್ನು ನಂಬಿದಳು. ಸೊಸೆ ಅತ್ತೆಯನ್ನು ನಂಬಿದಳು. ನೆಂಟರು ಇಬ್ಬರನ್ನೂ ನಂಬಿದರು.

ದೀಪ ಹಚ್ಚಿದ ಮೇಲೆ ಹಾಲು ಕಾಸಿ, ಆರಿಸಿ, ಹೆಪ್ಪಿಗೆ ಕೈ ಹಾಕಿದಾಗ ಸಂಗತಿ ಗೊತ್ತಾಯಿತು. ಆ ಬೀದಿಯಲ್ಲಿ ದೀಪ ಹಚ್ಚಿದ ಮೇಲೆ ಯಾವ ಮನೆಯವರೂ ಮೊಸರು ಹೊರಗೆ ಕೊಡುವುದಿಲ್ಲ. ಬೆಳಗಾದರೆ ಕೊಡುತ್ತಾರೆ, ಆದರೆ ಅದು ಅವರವರ ಮನೆಯದು. ತಾಯಿಯ ಕೈಯಿಂದ ಬಂದದ್ದು ಎಲ್ಲಿ ಸಿಗಬೇಕು? ಕುಂಬಾರನ ಹೆಂಡತಿ ಹಾಲಿನ ಮುಂದೆ ಕೂತುಬಿಟ್ಟಳು. ತಾಯಿ ತೀರಿಕೊಂಡ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಅತ್ತೆ ಗೂಡಿನ ಹತ್ತಿರ ಹೋದಳು. ಗದ್ದಲದಲ್ಲಿ ಆ ಬಟ್ಟಲನ್ನು ಮಜ್ಜಿಗೆಗೆ ಬೆರೆಸುವುದನ್ನು ಎಲ್ಲರೂ ಮರೆತಿದ್ದರು. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು ಸೊಸೆಯ ಮುಂದಿಟ್ಟಳು.

“ಏಳೇ ತಾಯಿ. ಸವಾರಿ ಹೋಗಿದ್ದವರು ಮನೆಯಲ್ಲೇ ಇದ್ದಾರೆ.”

ಆ ಸಂಜೆ ದೊಡ್ಡ ಗಡಿಗೆಗೆ ಹೆಪ್ಪು ಬಿತ್ತು. ಚಿಕ್ಕ ಬಟ್ಟಲನ್ನು ತೊಳೆದು ಹಾಲು ಹೊಯ್ದವಳು ಈ ಸಲ ಅತ್ತೆ.

ಮರುದಿನ ಬೆಳಿಗ್ಗೆ ನೆಂಟರನ್ನು ಕಳಿಸಿ ಹೊರಡುವಷ್ಟರಲ್ಲಿ ಹೊತ್ತಾಗಿತ್ತು. ಕುಂಬಾರನ ಹೆಂಡತಿ ಬಟ್ಟಲು ಹಿಡಿದು ಬೀದಿ ದಾಟಿದಳು. ಎದುರು ಮನೆಯ ಬಾಗಿಲು ಅಂಗೈಯಗಲ ತೆರೆದಿತ್ತು. ಅವಳು ಕರೆಯುವ ಮುಂಚೆಯೇ ಒಳಗಿನಿಂದ ಗಾಣಿಗನ ಹೆಂಡತಿಯ ದನಿ ಬಂತು.

“ಇವತ್ತೇಕೆ ಇಷ್ಟು ತಡ?”

ಇಲ್ಲಿಗೆ ಹನ್ನಮ್ಮ ನಿಲ್ಲಿಸಿದರು. ಎದ್ದು ಒಳಗೆ ಹೋಗಿ ಒಲೆಯ ಮೇಲಿನ ಹಾಲನ್ನು ಕೆಳಗಿಳಿಸಿ ಬಂದರು. ಯೆಶಾಯ ಅಲ್ಲೇ ಕಾಯುತ್ತಿದ್ದ.

“ಆಮೇಲೆ ಆಕೆ ಬಟ್ಟಲು ತೆಗೆದುಕೊಂಡಳೇ, ಅಮ್ಮ?”

ಹನ್ನಮ್ಮ ಅವನ ಚೀಲದ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು.

“ಅದು ಆ ಮನೆಯ ಸಂಗತಿ, ಮಗನೇ. ಮಧ್ಯಾಹ್ನ ನೀನು ಎರಡು ಸಲ ಹಾಕಿಸಿಕೊಂಡೆಯಲ್ಲ, ಆ ಮೊಸರಿನ ಹೆಪ್ಪು, ಬೇಡವೆನಿಸಿಕೊಂಡು ಮರಳಿ ಬಂದ ಆ ಬಟ್ಟಲಿನದೇ.”