ನಲವತ್ತು ನೆಗೆತದ ದೂರ

ಕಲ್ಲುಗುಡ್ಡದ ಕೆಳಗಿನ ಕಾಡಿನಲ್ಲಿ ಚಂಗ ಎಂಬ ಮೊಲವೂ ಮುಳ್ಳಕ್ಕ ಎಂಬ ಮುಳ್ಳುಹಂದಿಯೂ ನೆರೆಹೊರೆಯವರು. ಇವನ ಬಿಲದಿಂದ ಅವಳ ಬಿಲಕ್ಕೆ ಬರೀ ನಲವತ್ತು ನೆಗೆತ, ಮಕ್ಕಳೇ, ಅಷ್ಟೇ! ಆದರೂ ಚಂಗನಿಗೆ ಹೋಗಿ ಕುಶಲ ಕೇಳಲು ಮೈಗಳ್ಳತನ. ಹೇಳಿಕೊಟ್ಟಿದ್ದನ್ನು ಹಾಗೇ ಒಪ್ಪಿಸುವ ಗೊರವಂಕ ಹಕ್ಕಿಯನ್ನು ಗೊತ್ತು ಮಾಡಿಕೊಂಡ. ದಿನಾ ಬೆಳಿಗ್ಗೆ ಅದು ಮುಳ್ಳಕ್ಕನ ಬಿಲದ ಮೇಲಿನ ಕೊಂಬೆಯಲ್ಲಿ ಕೂತು ಕೂಗುತ್ತಿತ್ತು: "ಊಟ ಆಯ್ತಾ, ಮುಳ್ಳಕ್ಕ?"

"ಆಯ್ತು ಕಣಪ್ಪ" ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ಹಕ್ಕಿ ಅದನ್ನೇ ತಂದು ಚಂಗನಿಗೆ ಒಪ್ಪಿಸುತ್ತಿತ್ತು.

ಊಟ ಆಯ್ತಾ ಅಂತ ಕೇಳಿದರೆ ನಮ್ಮಲ್ಲಿ ಯಾರು ತಾನೇ "ಆಗಿಲ್ಲ" ಅಂತಾರೆ, ಹೇಳಿ!

ಒಂದು ದಿನ ಗೊರವಂಕಕ್ಕೆ ಗಂಟಲು ಕಟ್ಟಿತು. "ಥತ್, ಇವತ್ತು ನಾನೇ ಹೋಗಬೇಕಲ್ಲ" ಎಂದು ಗೊಣಗುತ್ತಾ ಚಂಗ ಹೊರಟ.

ಮುಳ್ಳಕ್ಕನ ಬಾಗಿಲಲ್ಲಿ ನರಿಯ ಹೆಜ್ಜೆಗಳು! ಹಳೆಯವು, ಹೊಸವು, ಒಂದರ ಮೇಲೊಂದು. ಚಂಗ ಗಾಬರಿಯಿಂದ ಒಳಗೆ ನುಗ್ಗಿ ಕೇಳಿದ, "ಅಕ್ಕಾ, ಊಟ ಆಯ್ತಾ?"

"ಆಯ್ತು ಕಣಪ್ಪ."

"ಸುಳ್ಳು! ಮುಖ ನೋಡಿದರೆ ಗೊತ್ತಾಗಲ್ವಾ? ಏನಾಯ್ತಕ್ಕ?"

ಮುಳ್ಳಕ್ಕ ಅತ್ತೇಬಿಟ್ಟಳು. "ಹಿಂಗಾಲಿಗೆ ಜಾಲಿಮುಳ್ಳು ಹೊಕ್ಕಿದೆ ಕಣೋ. ನನ್ನ ಬಾಯಿಗೆ ಎಟುಕಲ್ಲ. ನಾಲ್ಕು ದಿನದಿಂದ ಹೊಟ್ಟೆಗೇನೂ ಇಲ್ಲ. ನರಿ ದಿನಾ ಬಂದು ಇಣುಕುತ್ತಾನೆ. ನಾನು ತಿರುಗಿ ಮುಳ್ಳು ತೋರಿಸಲಾರೆ ಅಂತ ಅವನಿಗೆ ಈಗ ಗೊತ್ತಾಗಿಹೋಗಿದೆ."

"ಹಕ್ಕಿ ಹತ್ತಿರ ಒಂದು ಮಾತು ಹೇಳಬಾರದಿತ್ತಾ?"

"ಕಾಡಿಗೆಲ್ಲ ಕೇಳುವ ಹಾಗೆ ಕೂಗೋ ಹಕ್ಕಿ ಹತ್ತಿರ ನನ್ನ ಕಷ್ಟ ಹೇಗೆ ಹೇಳಲಿ?"

ಅಷ್ಟರಲ್ಲಿ ಹೊರಗೆ ತರಗೆಲೆ ಸರಕ್ಕೆಂದಿತು.

"ಬಂದ! ನೀನಾದರೂ ಓಡು, ಚಂಗ!"

ಓಡಿಬಿಡೋಣ ಅಂತ ಚಂಗನಿಗೂ ಅನ್ನಿಸಿತು. ಆದರೂ ಓಡಲಿಲ್ಲ. ಅವಳ ಹಿಂದೆ ಹೋಗಿ ಕಾಲಿನ ಮುಳ್ಳನ್ನು ಹಲ್ಲಿನಿಂದ ಕಚ್ಚಿ ಎಳೆದ. ಜಾರಿತು. ಮತ್ತೆ ಕಚ್ಚಿದ. ಬಿಲದಲ್ಲಿ ಕತ್ತಲಾಯಿತು. ನರಿಯ ತಲೆ ಒಳಗೆ ಬಂದೇಬಂತು.

"ಆಹಾ, ಮೊಲವೂ ಇದೆಯಾ! ಒಳ್ಳೇದೇ ಆಯ್ತು" ಎಂದ ನರಿ.

ಚಂಗ ಕಣ್ಣು ಮುಚ್ಚಿ ಜೋರಾಗಿ ಎಳೆದ. ಮುಳ್ಳು ಪಟ್ಟನೆ ಕಿತ್ತು ಬಂತು. ಮುಳ್ಳಕ್ಕ ಗಿರಕ್ಕನೆ ತಿರುಗಿ, ಮುಳ್ಳು ನಿಮಿರಿಸಿ ಹಿಮ್ಮುಖವಾಗಿ ನುಗ್ಗಿದಳು. ನರಿ ಮೂತಿ ತುಂಬ ಮುಳ್ಳು ಚುಚ್ಚಿಸಿಕೊಂಡು, ಊಳಿಡುತ್ತಾ ಗುಡ್ಡ ದಾಟಿ ಓಡಿಹೋದ.

ಚಂಗ ಏದುಸಿರು ಬಿಡುತ್ತಾ, "ನಾನು ದಿನಾ ವಿಚಾರಿಸ್ತಾನೇ ಇದ್ದೆನಲ್ಲಕ್ಕ" ಎಂದ.

"ವಿಚಾರಿಸಿದೆ ಕಣೋ, ಇಲ್ಲ ಅನ್ನಲ್ಲ" ಎಂದಳು ಮುಳ್ಳಕ್ಕ. "ಆದರೆ ನಾಲ್ಕು ದಿನ ನನ್ನ ಬಾಗಿಲಿಗೆ ಬಂದವನು ಆ ನರಿ ಒಬ್ಬನೇ."

ಚಂಗ ನಾಚಿಕೊಂಡು, ಅವಳಿಗೆ ತಿನ್ನಲು ಗೆಡ್ಡೆಗೆಣಸು ತರಲು ತಾನೇ ಹೊರಟ.

ನೀತಿ: ಹೇಳಿಕಳಿಸಿ ಕುಶಲ ಕೇಳಿದರೆ ಸಾಲದು, ನಮ್ಮವರನ್ನು ಹೋಗಿ ಕಣ್ಣಾರೆ ಕಾಣಬೇಕು.